ಕೆಜಿಎಫ್‌ನ ಹಳೆ ಮನೆಯ ಇತಿಹಾಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹಳೆ ಮನೆ ಇರುವವರಿಗೆ, ಅಜ್ಜನೋ ಮುತ್ತಜ್ಜನೋ ಅಲ್ಲಿದ್ದರು ಅಂತ ಬೆಂಗಳೂರು, ಚೆನ್ನೈ ಅಥವಾ ವಿದೇಶದಿಂದ ವಿಚಾರಿಸುವವರಿಗೆ ಈ ಪುಟ. ಬೇರೆ ಊರಿನ ಮನೆಗೆ ನಡೆಯುವ ದಾರಿ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಕಾರಣವೂ ಮುಂದಿದೆ.

ಮನೆ ಎಷ್ಟು ಹಳೆಯದು ಅಂತ ತಿಳಿಯಬೇಕು. ಮೊದಲು ಎಲ್ಲಿಗೆ ಹೋಗಲಿ?

ಎಲ್ಲಿಗೂ ಹೋಗುವ ಮುಂಚೆ ಮನೆ ಕಟ್ಟಿಸಿದ್ದು ಯಾರು ಅನ್ನೋದನ್ನ ಯೋಚಿಸಿ. ಇದರ ಸುಳಿವು ಬಹುಪಾಲು ಮನೆ ಇರುವ ಜಾಗದಲ್ಲೇ ಇರುತ್ತದೆ.

ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಕೋರಮಂಡಲ್ ಕಡೆಯ ಮೈನಿಂಗ್ ಏರಿಯಾ ಆದರೆ ಅದು ಗಣಿ ಕಂಪನಿಯ ಮನೆ ಆಗಿರುವ ಸಾಧ್ಯತೆ ಜಾಸ್ತಿ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಆದರೆ ವ್ಯಾಪಾರಿಗಳು, ಕಾಂಟ್ರಾಕ್ಟರುಗಳು, ವಕೀಲರು ಸ್ವಂತಕ್ಕೆ ಕಟ್ಟಿಸಿದ ಮನೆ ಇರಬಹುದು. ಸ್ಟೇಷನ್ ಪಕ್ಕದ್ದಾದರೆ ರೈಲ್ವೆಯವರದಾ ಅಂತ ಕೇಳಿ. ಬಿಇಎಂಎಲ್ ನಗರದ್ದಾದರೆ ಆ ಕಾರ್ಖಾನೆ ಶುರುವಾಗಿದ್ದೇ 1964ರಲ್ಲಿ ಅನ್ನೋದು ನೆನಪಿರಲಿ. ಸುತ್ತಮುತ್ತಲಿನ ಹಳ್ಳಿ ಮನೆಗಳ ಕತೆ ಗಣಿಗಿಂತ ಹಳೆಯದು. ಅವಕ್ಕೆ ಕಂದಾಯ ದಾಖಲೆಯೇ ದಾರಿ.

ಯಾರ ಮನೆ ಅನ್ನೋದು ಗೊತ್ತಾದರೆ ಯಾರ ಕಾಗದ ಹುಡುಕಬೇಕು ಅನ್ನೋದೂ ಗೊತ್ತಾಗುತ್ತದೆ.

ನಮ್ಮ ಮನೆಗೆ ಕ್ರಯಪತ್ರವೇ ಇಲ್ಲ. ಹಾಗಾದರೆ ಇತಿಹಾಸವೂ ಇಲ್ವಾ?

ಖಂಡಿತ ಇದೆ. ಮೈನಿಂಗ್ ಏರಿಯಾದಲ್ಲಿ ಕ್ರಯಪತ್ರ ಇಲ್ಲದಿರುವುದೇ ಸಹಜ. ಅಲ್ಲಿ ಮನೆಗಳು ಒಬ್ಬರಿಂದ ಒಬ್ಬರಿಗೆ ಮಾರಾಟ ಆಗಲಿಲ್ಲ. ಕೆಲಸದ ಜೊತೆ ಬಂದವು, ಕೆಲಸದ ಜೊತೆ ಹೋದವು. ಹಾಗಾಗಿ ಇಲ್ಲಿ ಹುಡುಕಬೇಕಾದದ್ದು ಮಾಲೀಕರನ್ನಲ್ಲ. ಗಣಿ, ಹುದ್ದೆ ಮತ್ತು ವರ್ಷ, ಈ ಮೂರನ್ನು. ಇದೊಂದು ಮಾತು ಮನಸ್ಸಿನಲ್ಲಿದ್ದರೆ ನಿಮ್ಮ ಅರ್ಧ ಓಡಾಟ ಉಳಿಯುತ್ತದೆ.

ಮನೆ ಯಾರ ಕೈಯಲ್ಲಿತ್ತು ಅಂತ ತಿಳಿಯಲು ಗಣಿ ಯಾರ ಕೈಯಲ್ಲಿತ್ತು ಅಂತ ನೋಡಬೇಕು. 1802ರಲ್ಲಿ ಗಡಿ ಸರ್ವೆಗೆ ಬಂದ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಂ ಸುತ್ತ ಊರಿನವರು ಮಣ್ಣಿನಿಂದ ಚಿನ್ನ ತೆಗೆಯುವುದನ್ನು ಬರೆದಿಟ್ಟರು. 1875ರಲ್ಲಿ ಮೈಕೆಲ್ ಲ್ಯಾವೆಲ್ ಮೈಸೂರು ಸರ್ಕಾರದಿಂದ ಗಣಿ ಗುತ್ತಿಗೆ ಪಡೆದರು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಇವರದೇ ಹೆಸರು. ಎರಡು ವರ್ಷದಲ್ಲೇ ಆ ಗುತ್ತಿಗೆ ಬೇರೆಯವರಿಗೆ ಹೋಯಿತು. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಆಡಳಿತ ನೋಡಿಕೊಂಡಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಒಂದೊಂದೂ ಬೇರೆ ಕಂಪನಿ. ಬಾಲಘಾಟ್, ಕೋರಮಂಡಲ್ ತರಹದ ಚಿಕ್ಕವೂ ಇದ್ದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರ ಡಿಸೆಂಬರಿನಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್ ಆಯಿತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು.

ಮನೆಯಲ್ಲಿ ಹಳೆ ರಸೀದಿಯೋ, ಪಿ.ಎಫ್. ಕಾಗದವೋ ಇದ್ದರೆ ಮೇಲಿರುವ ಕಂಪನಿ ಹೆಸರು ನೋಡಿ. ಬಿಜಿಎಂಎಲ್ ಅಂತಿದ್ದರೆ 1972ರ ನಂತರದ್ದು. ಲಂಡನ್ ಕಂಪನಿಯ ಹೆಸರಿದ್ದರೆ 1956ಕ್ಕಿಂತ ಹಿಂದಿನದು. ತಾರೀಕು ಹರಿದುಹೋಗಿದ್ದರೂ ಇಷ್ಟು ಹೇಳಬಹುದು.

ರಾಬರ್ಟ್‌ಸನ್‌ಪೇಟೆಯ ಸ್ವಂತ ಮನೆಗೆ ಯಾವ ದಾಖಲೆ ನೋಡಬೇಕು?

ಇಲ್ಲಿ ಮಾಮೂಲಿ ದಾರಿ ನಡೆಯುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ, ಅಂದರೆ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ. 2004ರ ಏಪ್ರಿಲ್ ನಂತರದ ವ್ಯವಹಾರಗಳು ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆ ಪುಸ್ತಕ ಹುಡುಕಿಸಬೇಕು. ವ್ಯವಹಾರ ನಡೆದಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಕೊಡುತ್ತಾರೆ. ಫಾರಂ 16 ಬಂತು ಅಂತ ಬೇಜಾರಾಗಬೇಡಿ. ನೀವು ಕೇಳಿದ ಅವಧಿಯಲ್ಲಿ ನೋಂದಣಿ ಆಗಿಲ್ಲ ಅಂತ ಮಾತ್ರ ಅದರ ಅರ್ಥ. ಅವಧಿ ಹಿಂದಕ್ಕೆ ತಳ್ಳಿ ಮತ್ತೆ ಕೇಳಿ.

ಕ್ರಯಪತ್ರ ಸಿಕ್ಕರೆ ಕೊನೆಗಿರುವ ಚಕ್ಕುಬಂದಿ ತಪ್ಪದೆ ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಅಂತ ಇರುತ್ತದಲ್ಲ, ಅದರಿಂದ ನಿಮ್ಮ ಮನೆಯಷ್ಟೇ ಅಲ್ಲ, ಇಡೀ ಬೀದಿಯೇ ಕಣ್ಣಿಗೆ ಬರುತ್ತದೆ. ಮುಂದೆ ನಗರಸಭೆಯ ಖಾತೆ ಮತ್ತು ಕಂದಾಯ ರಿಜಿಸ್ಟರ್. ನಗರಸಭೆಗೂ ಮುಂಚೆ ಇಲ್ಲಿ ಸ್ಯಾನಿಟರಿ ಬೋರ್ಡ್ ಇತ್ತು. ಹಳೆ ಕಾಗದದಲ್ಲಿ ಆ ಹೆಸರು ಕಂಡರೆ ಅದೇ ಇದು. ಕೆಜಿಎಫ್ ಮೊದಲು ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. ಹಾಗಾಗಿ ಕಂದಾಯದ ಹಳೆ ಕಡತ ಬಂಗಾರಪೇಟೆಯಲ್ಲಿ ಇದೆಯಾ ಅಂತಲೂ ವಿಚಾರಿಸಿ.

ಪೇಟೆಗೆ ರಾಬರ್ಟ್‌ಸನ್ ಅನ್ನುವ ಹೆಸರು ಬಂದದ್ದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರಿಂದ.

ಕಾಗದ ಇಲ್ಲದೆ, ಕಟ್ಟಡ ನೋಡಿಯೇ ಕಾಲ ಹೇಳಬಹುದಾ?

ಪಕ್ಕಾ ವರ್ಷ ಹೇಳಲಾಗದು. ಇದಕ್ಕಿಂತ ಹಳೆಯದು ಇರಲಾರದು ಅಂತ ಧೈರ್ಯವಾಗಿ ಹೇಳಬಹುದು. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು. ಯಾವ ಕಚೇರಿಯ ಬಾಗಿಲಲ್ಲೂ ಕಾಯಬೇಕಿಲ್ಲ.

ಹೆಂಚಿನಿಂದ ಶುರು ಮಾಡಿ. ಜಾರಿಬಿದ್ದ ಹೆಂಚು ಒಂದನ್ನು ತಿರುಗಿಸಿ ನೋಡಿ. ತಯಾರಿಸಿದವರ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹೆಂಚಿನ ಮೇಲೆ ಕಾಮನ್‌ವೆಲ್ತ್ ಅಂತಿದ್ದರೆ ಅದು ಯುದ್ಧಕ್ಕಿಂತ ಹಿಂದಿನದಲ್ಲ. ಆದರೆ ಹುಷಾರು. ಹೆಂಚು ಹೇಳುವುದು ಹೆಂಚಿನ ವಯಸ್ಸು ಮಾತ್ರ. ಹಳೆ ಮನೆಗೆ ಹೊಸ ಹೆಂಚು ಹೊದಿಸಿರಬಹುದು. ಬಿದ್ದ ಬಂಗ್ಲೆಯ ಹೆಂಚನ್ನು ಹೊಸ ಮನೆಗೆ ತಂದಿರಬಹುದು. ಒಂದೇ ಮಾಡಿನಲ್ಲಿ ಎರಡು ಮೂರು ಮುದ್ರೆ ಸಿಕ್ಕರೆ ರಿಪೇರಿ ಆಗಿದೆ ಅಂತ ತಿಳಿಯಿರಿ.

ಆಮೇಲೆ ಕಬ್ಬಿಣ. ತೊಲೆಗೆ ಹಾಕಿದ ಕಬ್ಬಿಣದ ಗರ್ಡರ್ ಮೇಲೆ ಕಾರ್ಖಾನೆ ಹೆಸರು ಉಬ್ಬಾಗಿ ಕಾಣುತ್ತದೆ. ಸುಣ್ಣ ಕೆರೆದು, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಟಾಟಾ ಕಂಪನಿ ಉಕ್ಕು ತೆಗೆಯಲು ಶುರು ಮಾಡಿದ್ದು 1912ರಲ್ಲಿ. ಟಾಟಾ ಹೆಸರಿನ ಗರ್ಡರ್ ಅದಕ್ಕೂ ಮೊದಲು ಬಂದಿರಲು ಸಾಧ್ಯವಿಲ್ಲ. ಇಂಗ್ಲೆಂಡಿನ ಹೆಸರಿದ್ದರೆ ಹಡಗು, ರೈಲು ಎರಡನ್ನೂ ಹತ್ತಿ ಬಂದ ಕಬ್ಬಿಣ ಅದು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂದದ್ದು 1894ರಲ್ಲಿ. ಅದಕ್ಕೂ ಮುಂಚೆ ಇಂಥ ಭಾರದ ಸಾಮಾನು ಬಂಗಾರಪೇಟೆಯಿಂದ ಗಾಡಿಯಲ್ಲೇ ಬರಬೇಕಿತ್ತು.

ಕರೆಂಟು ಮೂರನೆಯ ಸಾಕ್ಷಿ. ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಕೆಜಿಎಫ್ ತಲುಪಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ವೈರಿಂಗ್ ಗೋಡೆ ಕಟ್ಟುವಾಗಲೇ ಆಗಿದೆಯಾ, ಆಮೇಲೆ ಗೋಡೆ ಮೇಲೆ ಮರದ ಪಟ್ಟಿ ಹೊಡೆದು ಎಳೆದಿದ್ದಾರಾ ನೋಡಿ. ಆಮೇಲೆ ಎಳೆದಿದ್ದರೆ ಮನೆ ಕರೆಂಟಿಗಿಂತ ಹಳೆಯದು ಇರಬಹುದು. ಕಪ್ಪು ಅಥವಾ ಕಂದು ಬಣ್ಣದ ಬೇಕಲೈಟ್ ಸ್ವಿಚ್ಚು ಇದ್ದರೆ, ಆ ವಸ್ತು ಹುಟ್ಟಿದ್ದೇ 1907ರಲ್ಲಿ.

ಗೋಡೆಯನ್ನೂ ಮರೆಯಬೇಡಿ. ಸುಣ್ಣದ ಗಾರೆಯೋ ಸಿಮೆಂಟೋ? ಉಗುರಿನಿಂದ ಕೆರೆದರೆ ಪುಡಿ ಉದುರುವುದು ಸಾಮಾನ್ಯವಾಗಿ ಗಾರೆ. ಮದ್ರಾಸ್ ಟೆರೇಸ್ ಮಾಡು, ಅಂದರೆ ಮರದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆ ಓರೆಯಾಗಿ ಜೋಡಿಸಿ ಗಾರೆ ಹಾಕಿದ್ದು ಇದ್ದರೆ ಹಳೆ ಕೆಲಸ. ಸಾಹೇಬರ ಬಂಗ್ಲೆಗಳಲ್ಲಿ ಬೆಂಕಿಗೂಡು, ಹೊಗೆ ಹೋಗುವ ಚಿಮಣಿ, ಸುತ್ತ ವರಾಂಡ, ಹಿಂದೆ ಬೇರೆಯೇ ಆಗಿ ಅಡುಗೆಮನೆ ಮತ್ತು ಆಳುಗಳ ಕೋಣೆ ಇರುತ್ತವೆ. ಆಳುಗಳ ಕೋಣೆಯ ಫೋಟೋವನ್ನೂ ತೆಗೆಯಿರಿ. ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ.

ಗೋಡೆಯಲ್ಲಿ ಮೇಲಿಂದ ಕೆಳಗೆ ಬಿರುಕು. ಪಾಯ ಕುಸಿದಿದೆಯಾ?

ಇರಬಹುದು. ಆದರೆ ಕೆಜಿಎಫ್‌ನಲ್ಲಿ ಇನ್ನೊಂದು ಕಾರಣವೂ ಇದೆ, ಏರ್ ಬ್ಲಾಸ್ಟ್. ಗಣಿ ಆಳಕ್ಕೆ ಹೋದಂತೆ ಬಂಡೆಯ ಮೇಲಿನ ಒತ್ತಡ ಏರುತ್ತದೆ. ಅದಿರು ತೆಗೆದು ಖಾಲಿಯಾದ ಜಾಗದ ಸುತ್ತಲಿನ ಬಂಡೆ ಆ ಒತ್ತಡ ತಡೆಯಲಾಗದೆ ಒಮ್ಮೆಗೇ ಸಿಡಿಯುತ್ತದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಕೆಳಗೆ ಬಂಡೆ ಸಿಡಿದರೆ ಮೇಲೆ ಪಾತ್ರೆ ಅಲುಗಾಡುತ್ತಿದ್ದವು, ಗೋಡೆ ಬಿರಿಯುತ್ತಿತ್ತು. ಶಬ್ದ ಕೇಳಿದ ಕೂಡಲೇ ಹೆಂಗಸರು ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ ಕಡೆ ಓಡುತ್ತಿದ್ದರು, ಪಾಳಿಯಲ್ಲಿ ಇಳಿದವರು ಮೇಲೆ ಬಂದರಾ ಅಂತ ನೋಡಲು. ನಿಮ್ಮ ಮನೆಯ ಬಿರುಕು ಯಾವ ವರ್ಷದ್ದು ಅಂತ ಪಕ್ಕದ ಮನೆಯ ಹಿರಿಯರನ್ನು ಕೇಳಿ. ಕೆಲವರು ಬ್ಲಾಸ್ಟ್ ಆದ ದಿನವನ್ನೇ ಹೇಳುತ್ತಾರೆ.

ಮನೆ ಗಟ್ಟಿಯಿದೆಯಾ ಅನ್ನುವುದಕ್ಕೆ ಮಾತ್ರ ಎಂಜಿನಿಯರನ್ನೇ ಕರೆಸಿ.

ಮನೆಯ ಕೆಳಗೆ ಸುರಂಗ ಇದೆಯಾ?

ಚಿನ್ನದ ಪಟ್ಟೆ ಇಲ್ಲಿ ಉತ್ತರ ದಕ್ಷಿಣವಾಗಿ ಹಾದು, ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ. ಹಾಗಾಗಿ ಪಟ್ಟೆ ಮೇಲೆ ಕಾಣುವ ಜಾಗದಿಂದ ಪಶ್ಚಿಮಕ್ಕಿರುವ ಮನೆಗಳ ಕೆಳಗೆ, ತುಂಬ ಆಳದಲ್ಲಿ, ಗಣಿ ಹಾದಿರಬಹುದು. ಖಚಿತವಾಗಿ ಹೇಳುವುದು ಗಣಿಯ ಪ್ಲಾನುಗಳು ಮಾತ್ರ.

ನಮ್ಮದು ಸಾಹೇಬರ ಬಂಗ್ಲೆ ಅಂತಾರೆ. ಯಾರಿದ್ದರು ಅಂತ ತಿಳಿಯುವುದು ಹೇಗೆ?

ಇದು ಅಂಥ ಕಷ್ಟವಲ್ಲ, ಯಾಕೆಂದರೆ ಅವರ ಹೆಸರು ನಾಲ್ಕು ಕಡೆ ಬರೆದಿಟ್ಟಿದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಥ್ಯಾಕರ್ಸ್ ಡೈರೆಕ್ಟರಿಯಲ್ಲಿ ಹೆಸರು, ಹುದ್ದೆ, ಊರು ಸಿಗುತ್ತವೆ. ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳ ಪ್ರತಿಗಳು ಮದ್ರಾಸ್ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಒಂದು ಭಾಗ ಫೈಂಡ್‌ಮೈಪಾಸ್ಟ್ ತಾಣದಲ್ಲೂ ಸಿಗುತ್ತದೆ. ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಕೆಲಸವನ್ನೂ ಬರೆದಿರುತ್ತಾರೆ. ಫಿಬಿಸ್ ಅನ್ನುವ ಸಂಘ ಇಂಥ ಹೆಸರುಗಳ ಸೂಚಿ ಮಾಡಿ ಉಚಿತವಾಗಿ ಹುಡುಕಲು ಇಟ್ಟಿದೆ.

ಇಲ್ಲಿಯ ಗಣಿ ಕ್ಯಾಪ್ಟನ್‌ಗಳಲ್ಲಿ ತುಂಬ ಜನ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು. ಅಲ್ಲಿಯ ತವರ, ತಾಮ್ರದ ಗಣಿಗಳು ಸೊರಗಿದಾಗ ಕೆಲಸ ಹುಡುಕಿ ದೇಶ ದೇಶಕ್ಕೆ ಹೋದವರು. ರೆಡ್‌ರೂತ್ ಊರಿನಲ್ಲಿರುವ ಕ್ರೆಸೆನ್ ಕೆರ್ನೊ ಪತ್ರಾಗಾರ ಕಾರ್ನ್‌ವಾಲ್‌ನ ಕಾಗದಗಳನ್ನು ಇಟ್ಟುಕೊಂಡಿದೆ. ನಿಮ್ಮ ಮನೆಯ ಫೋಟೋ ಅಲ್ಲಿ ಯಾರದೋ ಅಜ್ಜಿಯ ಆಲ್ಬಂನಲ್ಲಿ ಇರುವ ಸಾಧ್ಯತೆ ನಿಜವಾಗಿಯೂ ಇದೆ.

ಕೆಜಿಎಫ್‌ನ ಸಮಾಧಿ ಕಲ್ಲುಗಳನ್ನೂ ಓದಿ. ಕಲ್ಲಿನ ಮೇಲೆ ಗಣಿಯ ಹೆಸರು ಇದ್ದರೆ ದೊಡ್ಡ ಸಹಾಯ. ಅಕ್ಷರ ಕಾಣಲಿ ಅಂತ ಸುಣ್ಣ, ಚಾಕ್ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಸಾಕು.

ನಮ್ಮ ತಾತ ಲೈನ್ ಮನೆಯಲ್ಲಿದ್ದ ಕೂಲಿ. ಒಂದು ಕೋಣೆಯ ಮನೆ. ಅದಕ್ಕೂ ಇತಿಹಾಸ ಸಿಗುತ್ತಾ?

ಸಿಗುತ್ತದೆ. ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಕೆಜಿಎಫ್‌ನ ಬಂಗ್ಲೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ. ಲೈನ್ ಮನೆಗಳ ಬಗ್ಗೆ ಬರೆದವರು ಕಡಿಮೆ. ಚಿನ್ನ ಮೇಲೆ ತಂದವರು ಲೈನುಗಳಲ್ಲಿದ್ದರು. ನೀವು ಈ ಕೆಲಸ ಮಾಡಲೇಬೇಕು.

ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಸಾವಿರಾರು ಕುಟುಂಬಗಳು ಬಂದವು. ಹೆಚ್ಚಿನವರು ದಲಿತರು. ಮೊದಲು ಅವರಿಗೆ ಸಿಕ್ಕಿದ್ದು ಬಿದಿರಿನ ತಟ್ಟಿ ಮನೆ. ತಟ್ಟಿಯ ಗೋಡೆ, ತಗ್ಗಾದ ಮಾಡು, ಒಳಗೆ ನೆಟ್ಟಗೆ ನಿಲ್ಲುವುದೂ ಕಷ್ಟ. ಸಾಲು ಸಾಲಾದ ಗೋಡೆಯ ಮನೆಗಳು ಆಮೇಲೆ ಬಂದವು. ಈಗ ನೀವು ನೋಡುತ್ತಿರುವ ಲೈನು ಅದೇ ಜಾಗದಲ್ಲಿ ಎರಡನೆಯ ಅಥವಾ ಮೂರನೆಯ ಸಲ ಕಟ್ಟಿದ್ದಿರಬಹುದು.

ಕಂಪನಿ ಕಾಗದಗಳಲ್ಲಿ ಕೂಲಿಯ ಮನೆಗೆ ಹೆಸರಿಲ್ಲ, ಕೂಲಿಗೂ ಬಹಳ ಸಲ ನಂಬರು ಮಾತ್ರ. 1930ರಲ್ಲಿ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಾಗ ಕಾರ್ಮಿಕರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಹಾಗಾಗಿ ಹೆಸರಿರುವ ಕಾಗದವನ್ನು ಬೇರೆ ಕಡೆ ಹುಡುಕಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಸಿಗುತ್ತದೆ. ಕ್ರೈಸ್ತ ಕುಟುಂಬವಾದರೆ ಚರ್ಚಿನ ಪುಸ್ತಕ. ಅಯೋತಿ ದಾಸ ಪಂಡಿತರು ಮದ್ರಾಸಿನಲ್ಲಿ ಕಟ್ಟಿದ ಬೌದ್ಧ ಸಂಘಕ್ಕೆ ಇಲ್ಲಿಯೂ ಶಾಖೆ ಇತ್ತು. ನಿಮ್ಮ ಮನೆಯವರು ಅದರಲ್ಲಿದ್ದರಾ ಅಂತ ಕೇಳಿ. ಕಾರ್ಮಿಕ ಸಂಘದ ಚೀಟಿ, ಮದುವೆ ಪತ್ರಿಕೆ, ಪಿ.ಎಫ್. ಕಾಗದ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ವಾತಂತ್ರ್ಯದ ನಂತರದ ಕಾಲಕ್ಕೆ ಮತದಾರರ ಪಟ್ಟಿ ಬಹಳ ಒಳ್ಳೆಯದು. ಅದು ಮನೆ ನಂಬರಿನ ಪ್ರಕಾರ ಇರುತ್ತದೆ. ಅಕ್ಕಪಕ್ಕದವರ ಹೆಸರೂ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ, ತಾತನ ಸ್ವಂತ ಊರಿಗೆ ಹೋಗಿ. ಗುಡಿಯಾತಂ, ವೆಲ್ಲೂರು ಕಡೆಯ ಆ ಹಳ್ಳಿಯ ಪೆಟ್ಟಿಗೆಯಲ್ಲಿ ಕೆಜಿಎಫ್‌ನಿಂದ ಬಂದ ಕಾಗದ, ಮನಿಯಾರ್ಡರ್ ರಸೀದಿ ಉಳಿದಿರಬಹುದು. ಕಳಿಸಿದವರ ವಿಳಾಸದಲ್ಲಿ ಗಣಿ, ಲೈನು, ಮನೆ ನಂಬರು ಇರುತ್ತದೆ. ಅಂಚೆ ಮುದ್ರೆಯಲ್ಲಿ ತಾರೀಕು ಇರುತ್ತದೆ. ಈ ಮನೆಯಲ್ಲಿ ಈ ಮನುಷ್ಯ ಈ ದಿನ ಇದ್ದ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಪತ್ರಾಗಾರದಲ್ಲೂ ಇಲ್ಲ.

ಹಿರಿಯರನ್ನು ಮಾತನಾಡಿಸುವಾಗ ಏನು ಕೇಳಬೇಕು?

ಇತಿಹಾಸ ಹೇಳಿ ಅಂತ ಕೇಳಬೇಡಿ. ಯಾರೂ ಬಾಯಿ ಬಿಡುವುದಿಲ್ಲ. ನೀರಿನ ನಲ್ಲಿ ಎಲ್ಲಿತ್ತು ಅಂತ ಕೇಳಿ. ಬೇತಮಂಗಲದ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತಿತ್ತು? ಪಕ್ಕದ ಮನೆಯಲ್ಲಿ ಯಾರಿದ್ದರು, ಅವರ ಯಜಮಾನರು ಯಾವ ಶಾಫ್ಟಿಗೆ ಇಳಿಯುತ್ತಿದ್ದರು? ಎಡ್ಗರ್ ಶಾಫ್ಟಾ, ಗಿಫರ್ಡ್ ಶಾಫ್ಟಾ? ಶಾಫ್ಟಿನ ಹೆಸರು ಸಿಕ್ಕರೆ ಯಾವ ಗಣಿ ಅಂತ ತಾನಾಗಿಯೇ ತಿಳಿಯುತ್ತದೆ. ಮಾಡಿಗೆ ಜಿಂಕ್ ಶೀಟು ಹಾಕಿದ್ದು ಮಗ ಹುಟ್ಟುವ ಮುಂಚೆಯಾ, ಆಮೇಲಾ? ಹಿರಿಯರಿಗೆ ವರ್ಷ ನೆನಪಿರುವುದಿಲ್ಲ. ಮಕ್ಕಳ ವಯಸ್ಸು ಮರೆಯುವುದಿಲ್ಲ.

ತುಂಬ ಮನೆಗಳ ಮಾತು ತಮಿಳು ಅಥವಾ ತೆಲುಗು. ನಿಮಗೆ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದೊಯ್ಯಿರಿ. ಕನ್ನಡದಲ್ಲೇ ಹೇಳಿ ಅಂತ ಒತ್ತಾಯ ಮಾಡಿದರೆ ಅರ್ಧ ಮಾತು ಒಳಗೇ ಉಳಿಯುತ್ತದೆ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ, ಒಂದು ಪ್ರತಿಯನ್ನು ಅವರ ಮನೆಯವರಿಗೂ ಕೊಡಿ. ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾದವರು, ಗಂಡನನ್ನೋ ಮಗನನ್ನೋ ಗಣಿಯಲ್ಲಿ ಕಳೆದುಕೊಂಡವರು ಎದುರಿಗೆ ಕೂತಿರಬಹುದು. ಅವರು ನಿಲ್ಲಿಸಿದ ಕಡೆ ನೀವೂ ನಿಲ್ಲಿಸಿ.

ಪತ್ರಾಗಾರಕ್ಕೆ ಮುಂದಿನ ತಿಂಗಳು ಹೋದರೂ ನಡೆಯುತ್ತದೆ. ಎಂಬತ್ತು ದಾಟಿದವರ ಮನೆಗೆ ಈ ವಾರವೇ ಹೋಗಿ.

ಹೆಸರು ಹುಡುಕಿದರೆ ಏನೂ ಬರುವುದಿಲ್ಲ. ಯಾಕೆ?

ಇಂಗ್ಲಿಷ್ ದಾಖಲೆಗಳಲ್ಲಿ ಊರುಗಳ ಹೆಸರು ಬೇರೆ ಬೇರೆ ರೀತಿ ಇದೆ. ಉರಿಗಾಂಗೆ ಊರೆಗಂ, ಊರ್ಗಾಮ್. ನಂದಿದುರ್ಗಕ್ಕೆ ನಂಡಿಡ್ರೂಗ್. ಬಂಗಾರಪೇಟೆಗೆ ಬೌರಿಂಗ್‌ಪೇಟ್. ಎಲ್ಲವನ್ನೂ ಹಾಕಿ ನೋಡಿ.

ಬೆಂಗಳೂರಿನ ಪತ್ರಾಗಾರದಲ್ಲಿ ಏನು ಸಿಗುತ್ತದೆ?

ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಾಲದ ಕಡತಗಳಿವೆ. ಗಣಿ ಗುತ್ತಿಗೆ, ನೀರು, ವಿದ್ಯುತ್, ಪೊಲೀಸ್, ಆರೋಗ್ಯ ಹೀಗೆ ವಿಷಯ ಹಿಡಿದು ಕೇಳಿ. ನಿಮ್ಮ ಮನೆಯ ನಂಬರು ಹೇಳಿದರೆ ಯಾವ ಕಡತವೂ ಬರುವುದಿಲ್ಲ. ಹೋಗುವ ಮುಂಚೆ ಗೆಜೆಟಿಯರ್, ಅಂದರೆ ನಾಡಿನ ಊರು, ಜನ, ಕಸುಬುಗಳ ವಿವರ ಇರುವ ಪುಸ್ತಕ ಓದಿಕೊಳ್ಳಿ. ರೈಸ್ ಅವರ ಮೈಸೂರು ಗೆಜೆಟಿಯರ್ 1897ರಲ್ಲಿ ಪರಿಷ್ಕೃತವಾಗಿ ಬಂತು. ಹಯವದನ ರಾವ್ ಅವರದು 1927ರಿಂದ 1930ರ ನಡುವೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮೂವತ್ತು ವರ್ಷದಲ್ಲಿ ಊರು ಹೇಗೆ ಬೆಳೆಯಿತು ಅಂತ ಕಾಣುತ್ತದೆ.

ಸರ್ಕಾರಿ ಕಚೇರಿಯಿಂದ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗೆ ಬರೆಯುವಾಗ ಒಂದೇ ವಿಷಯ, 150 ಪದದೊಳಗೆ ಇರಲಿ. ಬಿಜಿಎಂಎಲ್ ಕೇಂದ್ರ ಗಣಿ ಸಚಿವಾಲಯದ ಕೆಳಗಿನದು. ಅದಕ್ಕೆ ಕೇಂದ್ರದ ದಾರಿ ಹಿಡಿಯಬೇಕು.

ಹಳೆ ನಕ್ಷೆ, ಮೇಲಿಂದ ತೆಗೆದ ಚಿತ್ರ ಇದೆಯಾ?

ಸರ್ವೆ ಆಫ್ ಇಂಡಿಯಾದ ಹಳೆ ಹಾಳೆಗಳಿವೆ. 1960ರ ದಶಕದಲ್ಲಿ ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳು ಈಗ ಎಲ್ಲರಿಗೂ ತೆರೆದಿವೆ. ಅಮೆರಿಕದ ಭೂವಿಜ್ಞಾನ ಇಲಾಖೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಹುಡುಕಿ. ಸೈನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು, ಬೇಗ ಗುರುತು ಸಿಗುತ್ತವೆ. ಅಲ್ಲಿಂದ ರೈಲು ಹಳಿ, ಹಳಿಯಿಂದ ನಿಮ್ಮ ಬೀದಿ.

ಪಾಳುಬಿದ್ದ ಗಣಿ ಕಟ್ಟಡಗಳ ಒಳಗೆ ಹೋಗಿ ಹುಡುಕಬಹುದಾ?

ಬೇಡ. ಅನುಮತಿ ಇಲ್ಲದೆ ಹೋಗುವುದು ತಪ್ಪು, ಅಪಾಯ ಕೂಡ. ಮುಚ್ಚದ ಶಾಫ್ಟುಗಳು ಪೊದೆಯ ಕೆಳಗಿರುತ್ತವೆ. ಸೈನೈಡ್ ಗುಡ್ಡದ ಮಣ್ಣಿನಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಗಾಳಿ ಜೋರಾದ ದಿನ ಅದರ ಧೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಿ.

ಇತಿಹಾಸ ಸಿಕ್ಕರೆ ಮನೆ ನಮ್ಮ ಹೆಸರಿಗೆ ಆಗುತ್ತದಾ?

ಇಲ್ಲ. ಮೂರು ತಲೆಮಾರು ಅಲ್ಲಿದ್ದರು ಅಂತ ತೋರಿಸಿದರೂ ಹಕ್ಕಿನ ಪ್ರಶ್ನೆ ಬೇರೆ. ಅದಕ್ಕೆ ವಕೀಲರನ್ನು ನೋಡಿ. ಕಾಗದಗಳ ಅಸಲನ್ನು ಮಾತ್ರ ಯಾರ ಕೈಗೂ ಸುಮ್ನೆ ಕೊಡಬೇಡಿ. ಪ್ರತಿ ಕೊಡಿ.

ರಿಪೇರಿ ಮಾಡಿಸಬೇಕು. ಅದಕ್ಕೂ ಮುಂಚೆ ಏನು ಮಾಡಲಿ?

ಪ್ರತಿ ಕೋಣೆಯ ನಾಲ್ಕು ಗೋಡೆ, ಮಾಡು, ನೆಲದ ಫೋಟೋ ತೆಗೆಯಿರಿ. ಕೈಯಲ್ಲೇ ಒಂದು ನಕ್ಷೆ ಬರೆದು ಅಳತೆ ಹಾಕಿ. ಬಣ್ಣದ ಪದರಗಳನ್ನು ಒಂದು ಮೂಲೆಯಲ್ಲಿ ಹಾಗೇ ಬಿಡಿ. ಪ್ರತಿ ಮುದ್ರೆಯ ಒಂದೊಂದು ಹೆಂಚು, ಒಂದು ಇಟ್ಟಿಗೆ, ಹಳೆ ಚಿಲಕ ಎತ್ತಿಡಿ. ಗಣಿ ಮುಚ್ಚಿದ ಮೇಲೆ ಎಷ್ಟೋ ಖಾಲಿ ಬಂಗ್ಲೆಗಳ ಬಾಗಿಲು, ಕಿಟಕಿ, ಗರ್ಡರ್ ಗುಜರಿಗೆ ಹೋದವು. ಹಾಗಾಗಿ ಉಳಿದ ಒಂದು ಚಿಲಕಕ್ಕೂ ಬೆಲೆ ಇದೆ. ಗಾರೆ ಗೋಡೆಗೆ ಸಿಮೆಂಟ್ ಬಳಿಸಬೇಡಿ. ತೇವ ಒಳಗೇ ನಿಂತು ಗೋಡೆ ಹಾಳಾಗುತ್ತದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಕೋಲಾರದ ಹಳ್ಳಿಗಳ ಕಡೆ ಇದ್ದಾರಾ ಅಂತ ವಿಚಾರಿಸಿ. ಸಿಕ್ಕಿದ್ದನ್ನೆಲ್ಲ ಬರೆದು, ಹೇಳಿದವರ ಹೆಸರು ಮತ್ತು ತಾರೀಕು ಹಾಕಿ, ಒಂದು ಪ್ರತಿಯನ್ನು ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಇನ್ನೊಂದು ಪ್ರತಿ ಮನೆಯಲ್ಲೇ ಇರಲಿ, ಮುಂದೆ ಅಲ್ಲಿಗೆ ಬರುವವರಿಗೆ.